ಖಾಲಾ ಹುಡುಕಿದ ತೂತು

ಖಾಲಾ ತೀರಿಕೊಂಡ ಸುದ್ದಿ ನನಗೆ ನಾಲ್ಕು ದಿನ ತಡವಾಗಿ ತಿಳಿಯಿತು. ಶಹಾಬಾದಿನ ಅವರ ಮನೆಗೆ ಹೋದಾಗ ಬರುವವರೆಲ್ಲ ಬಂದು ಹೋಗಿಯಾಗಿತ್ತು. ಸೊಸೆ ಚಾಪೆ ಹಾಸಲು ಬಂದಳು. ಬೇಡ ಎಂದು ನೆಲದ ಮೇಲೇ ಕೂತೆ. ನಲವತ್ತು ವರ್ಷ ಬೇರೆಯವರ ಮನೆಯಲ್ಲಿ ನೆಲಕ್ಕೆ ಹಾಸಿದ ಫರಶಿಕಲ್ಲುಗಳ ಸಂದು ತುಂಬಿದ ಹೆಂಗಸಿನ ಸ್ವಂತ ಮನೆಯ ನೆಲ ಹೇಗಿರಬಹುದು ಎಂಬ ಕುತೂಹಲ ನನಗೆ ಮೊದಲಿನಿಂದ ಇತ್ತು. ಅದನ್ನು ನೋಡುವ ದಿನ ಹೀಗೆ ಬರಬಾರದಿತ್ತು. ಅದು ಪೂರ್ತಿ ಚೂರುಗಳ ನೆಲ. ಪಾಲಿಶ್ ಮಾಡುವ ಅಂಗಳಗಳಲ್ಲಿ ಮೂಲೆ ಮುರಿದು ಬಿಸಾಡಿದ ಕಲ್ಲುಗಳನ್ನು ತಂದು ಕೂಡಿಸಿದ್ದರು. ಒಂದರ ಅಳತೆ ಇನ್ನೊಂದಕ್ಕಿಲ್ಲ, ಒಂದರ ಬಣ್ಣ ಇನ್ನೊಂದಕ್ಕಿಲ್ಲ. ಅಂಗೈ ಆಡಿಸಿ ನೋಡಿದೆ. ಎಲ್ಲಿಯೂ ಉಗುರು ತಡೆಯಲಿಲ್ಲ.

"ಅಮ್ಮೀಗೂ ಇದೇ ಚಟ ಇತ್ರಿ ಸರ," ಎಂದಳು ಸೊಸೆ. "ಯಾರ ಮನೀಗಿ ಹೋದ್ರೂ ಮಂದಿ ಮಾರಿ ನೋಡ್ತಿದ್ದಿಲ್ಲ. ಮೊದ್ಲ ನೆಲ ನೋಡ್ತಿದ್ರು."

ಅದು ನಿಜ. ಒಮ್ಮೆ ಸೇಡಂನಲ್ಲಿ ಒಂದು ಮದುವೆಗೆ ನಾನೂ ಹೋಗಿದ್ದೆ, ಅವರೂ ಬಂದಿದ್ದರು. ಎಲ್ಲರೂ ಮದುಮಗಳನ್ನು ನೋಡುತ್ತಿದ್ದರೆ ಖಾಲಾ ಚಪ್ಪಲಿ ಬಿಟ್ಟು ಕಾಲಿನ ಹೆಬ್ಬೆರಳಿನಿಂದ ಮದುವೆ ಹಾಲಿನ ನೆಲ ಒತ್ತುತ್ತ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಡೆದರು. ನಾನು ನಮಸ್ಕಾರ ಮಾಡಿದೆ. ಮದುವೆಯ ಬಗ್ಗೆ ಏನಾದರೂ ಹೇಳುತ್ತಾರೆಂದು ಕಾದೆ. "ಮೂರು ಕಲ್ಲು ಸುಳ್ಳ ಕುಂತಾವ," ಎಂದು ಹೇಳಿ ಊಟಕ್ಕೆ ಹೋದರು.

ಖಾಲಾ ಎಂದರೆ ತಾಯಿಯ ಅಕ್ಕನೋ ತಂಗಿಯೋ. ಅವರು ನನಗೆ ಯಾವ ರೀತಿಯಲ್ಲೂ ಸಂಬಂಧಿಕರಲ್ಲ. ಶಹಾಬಾದಿನಿಂದ ಚಿತ್ತಾಪುರದವರೆಗೆ ಅವರನ್ನು ಬಲ್ಲವರೆಲ್ಲ, ಅವರಿಗಿಂತ ಹಿರಿಯ ಮಿಸ್ತ್ರಿಗಳೂ, ಖಾಲಾ ಎಂದೇ ಕರೆಯುತ್ತಿದ್ದರು. ಕಲ್ಲು ಕೂಡಿಸುವುದು ಗಂಡಸರ ಕೆಲಸ. ಕೂಡಿಸಿದ ಕಲ್ಲುಗಳ ನಡುವಿನ ಸಂದಿಗೆ ಸಿಮೆಂಟು ತುಂಬಿ ಒರೆಸುವುದು ಹೆಂಗಸರ ಕೆಲಸ, ಅದಕ್ಕೆ ಕೂಲಿಯೂ ಕಡಿಮೆ, ಮರ್ಯಾದೆಯೂ ಕಡಿಮೆ. ಆದರೆ ಖಾಲಾ ಬಂದ ಕಡೆ ಈ ಲೆಕ್ಕ ನಡೆಯುತ್ತಿರಲಿಲ್ಲ. ಮಿಸ್ತ್ರಿಗಳು ಅವರನ್ನು ಕಂಡರೆ ಬೀಡಿ ಆರಿಸುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ವಾಡಿಯಲ್ಲಿ ನಮ್ಮ ಮನೆ ಕಟ್ಟಿಸುವಾಗ. ಮಿಸ್ತ್ರಿ ಕಲ್ಲು ಕೂಡಿಸಿ ಹೋದ ಮರುದಿನ ಬಂದರು. ಸಣ್ಣ ದೇಹ, ಬಿಳಿ ಸೀರೆಯ ಸೆರಗು ತಲೆಯ ಮೇಲೆ, ಕೈಯಲ್ಲಿ ಒಂದು ಚೀಲ. ಚೀಲದಿಂದ ಸಿಮೆಂಟು ಮೆತ್ತುವ ಸಣ್ಣ ಕರಣಿ ತೆಗೆದು ಅದರ ಕಟ್ಟಿಗೆಯ ಹಿಡಿಯಿಂದ ಒಂದೊಂದೇ ಕಲ್ಲು ಬಡಿಯುತ್ತ, ಕಿವಿ ಬಗ್ಗಿಸಿ ಕೇಳುತ್ತ ಹೊರಟರು. "ಇದು ಕುಂತದ. ಇದು ಕುಂತದ. ಇದು ಕುಂತಿಲ್ಲ, ನಿಂತದ." ಅವರು ನಿಂತಿದೆ ಎಂದ ಕಲ್ಲುಗಳ ಕೆಳಗೆ ಗಾಳಿ ಇತ್ತು. ಹನ್ನೊಂದು ಕಲ್ಲು ಕೀಳಿಸಿದರು. ಮಿಸ್ತ್ರಿಗೆ ಸಿಟ್ಟು ಬಂತು.

"ಮುದುಕೀಗಿ ಒಂದು ಕಿವೀನೇ ಕೇಳಂಗಿಲ್ರಿ ಸರ," ಎಂದ ನನಗೆ, ಅವರಿಗೂ ಕೇಳಿಸುವ ಹಾಗೆ. "ಪಾಲಿಶ್ ಮಶೀನಿನ ಮುಂದ ಕುಂತು ಕುಂತು ಹೋಗ್ಯಾದ. ಕಲ್ಲಿನ ಮಾತ ಹೆಂಗ ಕೇಳ್ತಾಳ ಕೇಳ್ರಿ."

ಖಾಲಾ ತಲೆ ಎತ್ತದೆ ಹೇಳಿದರು: "ಮಂದಿ ಮಾತ ಕೇಳಂಗಿಲ್ಲ ಅಷ್ಟೇ."

ಅವರಿಗೆ ಬೆರಳ ಗುರುತು ಇರಲಿಲ್ಲ. ಸಿಮೆಂಟು, ಸುಣ್ಣ, ಕಲ್ಲಿನ ಪುಡಿ ಸೇರಿ ಹತ್ತೂ ಬೆರಳಿನ ತುದಿ ತಿಂದು ಹಾಕಿದ್ದವು. ರೇಷನ್ ಅಂಗಡಿಯ ಮಶೀನು ಅವರ ಹೆಬ್ಬೆಟ್ಟನ್ನು ಒಪ್ಪುತ್ತಿರಲಿಲ್ಲ. ಪ್ರತಿ ತಿಂಗಳೂ ಜಗಳ. ಅಂಗಡಿಯವನು "ಇನ್ನೊಮ್ಮೆ ಒತ್ತವ್ವ, ಗಟ್ಟಿ ಒತ್ತು" ಎನ್ನುವನು. "ನನ್ನ ಹೆಬ್ಬೆಟ್ಟು ಊರ ತುಂಬ ಅದ, ಹೋಗಿ ನೋಡು" ಎಂದು ಇವರು ಬೈಯುವರು. ಸಿಟ್ಟು ಭಾಳ. ಹಸಿ ಸಂದಿನ ಮೇಲೆ ಯಾರಾದರೂ ಕಾಲಿಟ್ಟರೆ ಮುಗಿಯಿತು. ಚಿಂಚೋಳಿ ಕಡೆಯ ಸಾಹುಕಾರರೊಬ್ಬರು ತಮ್ಮ ಹೊಸ ಪಡಸಾಲೆಯ ಹಸಿ ಸಂದಿನ ಮೇಲೆ ಬೂಟು ಹಾಕಿಕೊಂಡು ನಡೆದರಂತೆ. ಖಾಲಾ ಆ ಬೂಟಿನ ಗುರುತು ಬಿಟ್ಟು ಉಳಿದದ್ದನ್ನು ಕನ್ನಡಿ ಮಾಡಿ ಎದ್ದರು. ಸಾಹುಕಾರರು ಎಷ್ಟು ಕೇಳಿಕೊಂಡರೂ ಅಳಿಸಲಿಲ್ಲ. "ನಿಮ್ಮದೇ ದಸ್ಕತ್ ಅದ, ಇರ್ಲಿ ಬಿಡ್ರಿ" ಎಂದು ಬಸ್ಸು ಹತ್ತಿದರು.

ಇಷ್ಟೆಲ್ಲ ಹೇಳುತ್ತ ನಾನು ಮುಖ್ಯ ಮಾತನ್ನು ಮುಂದೆ ಮುಂದೆ ತಳ್ಳುತ್ತಿದ್ದೇನೆ. ಅದು ನನ್ನ ಮರ್ಯಾದೆಗೆ ಅಷ್ಟೇನೂ ಒಳ್ಳೆಯದಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ವಾಡಿಯಿಂದ ಚಿತ್ತಾಪುರದ ಕಡೆ ಹೋಗುವ ದಾರಿಯಲ್ಲಿ ಒಂದು ಹಳ್ಳಿಯ ಶಾಲೆ. ಅಲ್ಲಿ ಹಿಂದಿನ ಕಾಂಪೌಂಡ್ ಗೋಡೆಯ ಹತ್ತಿರ ತೋಟವಿತ್ತು, ತೋಟದಲ್ಲಿ ಒಂದು ಕೊಳ. ಹತ್ತಡಿ ಉದ್ದ, ಆರಡಿ ಅಗಲ, ಮೊಳಕಾಲು ಮುಳುಗುವಷ್ಟು ಆಳ. ತಳಕ್ಕೂ ಗೋಡೆಗೂ ಶಹಾಬಾದಿ ಫರಶಿ. ನೀರಿನಲ್ಲಿ ನೈದಿಲೆ, ಸಣ್ಣ ಮೀನು, ನಡುವೆ ನೀರಿನ ಮಟ್ಟ ಅಳೆಯುವ ಒಂದು ಕಬ್ಬಿಣದ ಪಟ್ಟಿ. ಬಿಸಿಲಿಗೆ ಬೆಂದ ನಮ್ಮ ಸೀಮೆಯಲ್ಲಿ ಶಾಲೆಗೊಂದು ಕೊಳ ಇರುವುದು ಸಣ್ಣ ಮಾತಲ್ಲ. ಬಂದವರಿಗೆಲ್ಲ ನಾವು ಮೊದಲು ತೋರಿಸುತ್ತಿದ್ದದ್ದು ಅದನ್ನೇ. ನೋಡಿಕೊಳ್ಳುತ್ತಿದ್ದವನು ಮಾಲಿ. ನಲವತ್ತರ ಆಸುಪಾಸಿನವನು, ಮಾತು ಕಡಿಮೆ, ಖಾಯಂ ನೌಕರಿಯಲ್ಲ. ಗೋಡೆಯ ಆಚೆಗೇ ಅವನ ಮನೆ. ಅವನ ಹೆಂಡತಿ ನಮ್ಮ ಶಾಲೆಯಲ್ಲೇ ಬಿಸಿಯೂಟದ ಅಡಿಗೆ ಮಾಡುತ್ತಿದ್ದಳು.

ಒಂದು ವರ್ಷ ಸಂಕ್ರಾಂತಿ ಕಳೆದ ಮೇಲೆ ಕೊಳದ ನೀರು ಇಳಿಯತೊಡಗಿತು. ಸಂಜೆ ತುಂಬಿಸಿದರೆ ಮುಂಜಾನೆಗೆ ನಾಲ್ಕು ಬೆರಳು ಕಡಿಮೆ. ಬೋರಿನಲ್ಲಿ ನೀರು ಬರುವುದೇ ದಿನಕ್ಕೆ ಒಂದು ತಾಸು. ಮುಖ್ಯೋಪಾಧ್ಯಾಯಿನಿಯವರು, "ಕಾರಣ ಹುಡುಕ್ರಿ, ಇಲ್ಲಾಂದ್ರ ಮಣ್ಣ ಹಾಕಿ ಮುಚ್ಚಿಬಿಡಮು" ಎಂದರು. ಹುಡುಕುವ ಕೆಲಸ ಸಹಜವಾಗಿ ವಿಜ್ಞಾನದವನ ಮೇಲೆ ಬಿತ್ತು. ನಾನು ಉತ್ಸಾಹದಿಂದ ಹಿಡಿದುಕೊಂಡೆ. ಬಿಸಿಲಿಗೆ ಆವಿಯಾಗುವ ನೀರೆಷ್ಟು ಎಂದು ಲೆಕ್ಕ ಹಾಕಿದೆ. ನಾಲ್ಕು ಬೆರಳು ಆಗುವ ಮಾತೇ ಇಲ್ಲ. ಹಾಗಾದರೆ ಸಂದು ಬಿಟ್ಟಿರಬೇಕು. ಊರ ಮಿಸ್ತ್ರಿಯನ್ನು ಕರೆಸಿ ಎಲ್ಲ ಸಂದುಗಳನ್ನೂ ತುಂಬಿಸಿದೆ. ನೀರು ಇಳಿಯಿತು. ಮತ್ತೊಮ್ಮೆ ತುಂಬಿಸಿದೆ. ಮತ್ತೆ ಇಳಿಯಿತು. ಕಲ್ಲಂತೂ ಸೋರುವುದಿಲ್ಲ, ನಮ್ಮ ಕಡೆ ಹುಟ್ಟಿದ ಯಾರೂ ಶಹಾಬಾದಿ ಕಲ್ಲಿನ ಮೇಲೆ ಸಂಶಯ ಪಡುವುದಿಲ್ಲ. ಬಿಸಿಲು ಕುಡಿದಿಲ್ಲ, ಕಲ್ಲು ಕುಡಿದಿಲ್ಲ, ಸಂದು ಕುಡಿದಿಲ್ಲ. ಇನ್ನುಳಿದದ್ದು ಮನುಷ್ಯ.

ಆಗ ನನ್ನ ಕಣ್ಣಿಗೆ ಬಿದ್ದದ್ದು ಬದನೆ ಗಿಡ. ಗೋಡೆಯಾಚೆ ಮಾಲಿಯ ಮನೆಯ ಮಗ್ಗುಲಲ್ಲಿ ಒಂದು ಸಣ್ಣ ಪಾತಿ. ಊರೆಲ್ಲ ಒಣಗಿ ನಿಂತಿರುವಾಗ ಅಲ್ಲಿ ಎಂಟು ಹತ್ತು ಬದನೆ ಗಿಡ ಕಡು ಹಸಿರಾಗಿ, ಕಾಯಿ ಬಿಟ್ಟು ನಿಂತಿದ್ದವು. ಕೇಳಿದಾಗ ಮಾಲಿ, "ಪಾತ್ರಿ ತೊಳದ ನೀರು ಹಾಕ್ತೀವ್ರಿ, ಅಷ್ಟೇ" ಎಂದ. ಪಾತ್ರೆ ತೊಳೆದ ನೀರಿಗೆ ಇಷ್ಟು ಬದನೆಕಾಯಿ! ನಾನು ನಕ್ಕೆ. ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಕಪ್ಪು ಹಲಗೆಯ ಮೇಲೆ ಲೆಕ್ಕ ಬಿಡಿಸಿ, ಕೊಳದ ನೀರು ಬದನೆಕಾಯಿ ಆಗುತ್ತಿದೆ ಎಂದು ಸಾಧಿಸಿ ತೋರಿಸಿದೆ. ಕೆಲವರು ಚಪ್ಪಾಳೆಯನ್ನೂ ತಟ್ಟಿದರು. ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ಮಾಲಿಯ ಕೈಯಿಂದ ಪಂಪಿನ ಕೀಲಿ ಕಸಿದುಕೊಂಡರು. ತೋಟಕ್ಕೆ ಬರಬೇಡ, ಗೇಟಿನ ಹತ್ತಿರ ಕೂಡು ಎಂದರು. ಶಾಲಾ ಕಮಿಟಿಯ ಮುಂದಿನ ಸಭೆಯಲ್ಲಿ ಅವನನ್ನು ಕೆಲಸದಿಂದ ತೆಗೆಯುವುದು ಎಂದು ಮಾತಾಯಿತು. ಅವನು ಎರಡು ಸಲ "ನಾ ತಗೊಂಡಿಲ್ರಿ" ಎಂದ, ಮೂರನೆಯ ಸಲ ಅನ್ನಲಿಲ್ಲ. ಎರಡು ದಿನ ಬಿಟ್ಟು ನೋಡಿದರೆ ಬದನೆ ಗಿಡಗಳನ್ನು ಬೇರುಸಹಿತ ಕಿತ್ತು ಗೋಡೆಗೆ ಒರಗಿಸಿ ಒಣಗಲು ಹಾಕಿದ್ದರು. ಕಳ್ಳ ಕುರುಹು ಅಳಿಸಿದ ಎಂದುಕೊಂಡೆ.

ಅವನು ತೋಟ ಬಿಟ್ಟ ಮೇಲೂ ನೀರು ಮುಂಚಿನಂತೆ ಇಳಿಯುತ್ತಲೇ ಇತ್ತು. ಅಲ್ಲಿಗಾದರೂ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ನಸುಕಿನಲ್ಲಿ ಗೋಡೆ ಹಾರಿ ಬರುತ್ತಿರಬೇಕು ಎಂದೆ. ಸಹೋದ್ಯೋಗಿಯೊಬ್ಬರು, "ಸಂದು ಖರೇನ ಸರಿ ಅದಾವೇನ್ರಿ? ಕಮಿಟಿಯವ್ರು ಕೇಳ್ತಾರ" ಎಂದು ಅನುಮಾನ ತೆಗೆದರು. ಆಗ ನನಗೆ ಖಾಲಾ ನೆನಪಾದರು. ಸಂದು ಸರಿಯಿದೆ ಎಂದು ಅವರ ಬಾಯಿಂದ ಒಂದು ಮಾತು ಬಂದರೆ ಮಾಲಿಯ ಮೇಲಿನ ಆರೋಪ ಗಟ್ಟಿಯಾಗುತ್ತದೆ. ನಾನು ಅವರನ್ನು ಕರೆಸಿದ್ದು ಇದಕ್ಕೆ.

ಸೋಮವಾರ ಬಂದರು. ಸಭೆ ಶನಿವಾರವಿತ್ತು. ವಾಡಿಯ ತನಕ ಬಸ್ಸು, ಅಲ್ಲಿಂದ ಟಂಟಂ ಆಟೋ. ಚಹಾ ತರಿಸಿದೆ; ಕೆಲಸ ನೋಡುವ ಮೊದಲು ಅವರು ಚಹಾ ಕುಡಿಯುತ್ತಿರಲಿಲ್ಲ, ಅದು ಆರಿತು. ಕೊಳದ ದಂಡೆಯ ಮೇಲೆ ಕೂತು ಬಹಳ ಹೊತ್ತು ನೋಡಿದರು. ಸಂದು ಬಡಿದು ನೋಡುತ್ತಾರೆ ಎಂದು ನಾನು ಕಾದೆ. ಅವರು ಕೇಳಿದ್ದು ಬೇರೆ.

"ಇದಕ್ಕ ನೀರು ಎಂದ ಹಾಕಿದ್ರಿ ಕಡೀಗಿ?"

"ನಿನ್ನೆ ಸಂಜಿಗಿ. ದಿನಾ ಹಾಕ್ತೀವಲ್ಲ ಖಾಲಾ. ಇಲ್ಲಾಂದ್ರ ಮೀನು ಸಾಯ್ತಾವ."

"ದಿನಾ ಹಾಕ್ತೀರಿ," ಎಂದು ಅವರು ನನ್ನನ್ನು ನೋಡಿದರು. "ಅದು ಏನರ ಹೇಳ್ಬೇಕಂತ ಬಾಯಿ ತೆರೀತದ, ನೀವು ದಿನಾ ಬಾಯಾಗ ನೀರು ಸುರೀತೀರಿ. ಹೆಂಗ ಹೇಳಬೇಕ್ರಿ ಅದು?"

ಮೀನುಗಳನ್ನೂ ನೈದಿಲೆಯ ಕುಂಡಗಳನ್ನೂ ಡ್ರಮ್ಮಿಗೆ ಸಾಗಿಸಲು ಹೇಳಿದರು. ಇನ್ನು ಮುಂದೆ ಒಂದು ತಂಬಿಗೆ ನೀರನ್ನೂ ಹಾಕಬಾರದು. ನಂತರ ಒಂದು ಬಕೆಟ್ಟಿಗೆ ಅದೇ ಕೊಳದ ನೀರು ತುಂಬಿ ಕೊಳದ ಒಳಗಿನ ಮೆಟ್ಟಿಲ ಮೇಲೆ ಇಟ್ಟರು. ಬಕೆಟ್ಟಿನ ಒಳಗೊಂದು ಗೆರೆ, ಕೊಳದ ಗೋಡೆಗೊಂದು ಗೆರೆ ಎಳೆದರು. "ಬಿಸಿಲು ಇಬ್ಬರ ಮನ್ಯಾಗೂ ಸರೀಕ ಉಣ್ತದ," ಎಂದರು. "ನಾಳೆ ನೋಡಮು." ಆಮೇಲೆ ಆರಿದ ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದು ಕುಡಿದರು.

ಮರುದಿನ ಬಕೆಟ್ಟಿನಲ್ಲಿ ಇಳಿದಿದ್ದು ಒಂದು ದಾರದಷ್ಟು. ಕೊಳದಲ್ಲಿ ನಾಲ್ಕು ಬೆರಳು. ನಾನು ಎರಡು ಹಾಳೆ ತುಂಬ ಬರೆದ ಆವಿಯ ಲೆಕ್ಕವನ್ನು ಅವರು ಒಂದು ಬಕೆಟ್ಟಿನಲ್ಲಿ ಮುಗಿಸಿದ್ದರು. ನನಗೆ ಸ್ವಲ್ಪ ಹೊಟ್ಟೆಯುರಿಯಾಯಿತು, ಖುಷಿಯೂ ಆಯಿತು. ನನ್ನ ಲೆಕ್ಕವೇ ನಿಜವಾಯಿತಲ್ಲ. "ನಾನೂ ಅದೇ ಹೇಳಿದ್ದೆ ಖಾಲಾ. ಬಿಸಿಲಿಂದಲ್ಲ. ಸಂದು ಒಂದೀಟು ನೋಡಿಬಿಡ್ರಿ," ಎಂದೆ. ಅವರು ಸಂದು ನೋಡಲಿಲ್ಲ. ಎದ್ದು ಗೇಟಿನಿಂದ ಹೊರಗೆ ಹೋಗಿ ಕಾಂಪೌಂಡ್ ಗೋಡೆಯ ಗುಂಟ ನಡೆಯತೊಡಗಿದರು. ಬಿಸಿಲಲ್ಲಿ ನಾನೂ ಹಿಂದೆ ಹೋದೆ. ಯಾಕೆಂದು ಕೇಳಿದ್ದಕ್ಕೆ, "ಒಳಗ ಕಳದದ್ದು ಹೊರಗ ಎಲ್ಯರ ಇರಬೇಕಲ್ರಿ," ಎಂದರು.

ಮಾಲಿಯ ಮನೆಯ ಮಗ್ಗುಲಿಗೆ ಬಂದು ನಿಂತರು. ಬದನೆ ಗಿಡ ಕಿತ್ತ ಪಾತಿ ಬರಿದಾಗಿ ಬಿದ್ದಿತ್ತು. ಮಣ್ಣಿನ ಮೇಲೆ ನಾಲ್ಕೈದು ಜೇನ್ನೊಣ ಕೂತಿದ್ದವು. ಖಾಲಾ ಅವನ್ನೇ ನೋಡಿದರು. "ಹೂವಿಲ್ಲ, ಗಿಡಿಲ್ಲ. ಇವು ಏನ ಮಾಡ್ಲಿಕತ್ತಾವ ಇಲ್ಲಿ?" ಕೂತು ಕರಣಿಯಿಂದ ಮಣ್ಣು ಕೆದರಿದರು. ಮೇಲೆ ತೆಳ್ಳಗೆ ಒಣಗಿತ್ತು. ಎರಡು ಬೆರಳು ಕೆಳಗೆ ಹಸಿ. ಒಂದು ಗೇಣು ಕೆಳಗೆ ಕೆಸರು.

"ಇದಕ್ಕ ನೀರು ಯಾರ ಹಾಕ್ತಾರ?"

"ಈಗ ಯಾರೂ ಹಾಕಲ್ಲ," ಎಂದೆ. ಆಮೇಲೆ ಇಡೀ ಕಥೆ ಹೇಳಿದೆ. ಪತ್ತೆದಾರನ ಜಂಬದಿಂದಲೇ ಹೇಳಿದೆ. ಕಪ್ಪು ಹಲಗೆ, ಚಪ್ಪಾಳೆ, ಶನಿವಾರದ ಸಭೆ.

ಖಾಲಾ ನನ್ನ ಮಾತು ಮುಗಿಯುವವರೆಗೆ ಆ ಗುಂಡಿಯಲ್ಲಿ ಕೈ ಇಟ್ಟುಕೊಂಡಿದ್ದರು. ಮುಗಿದ ಮೇಲೆ ಕೈ ತೆಗೆದು ನನಗೆ ತೋರಿಸಿದರು. "ಕದ್ದು ಹಾಕಿದ ನೀರು ಮ್ಯಾಲಿಂದ ಬೀಳ್ತದ್ರಿ ಸರ. ಮ್ಯಾಲ ಹಸಿ, ತೆಳಗ ಒಣ ಇರ್ತದ. ಇಲ್ಲಿ ಉಲ್ಟಾ ಅದ. ಇದು ತೆಳಗಿಂದ ಬಂದದ."

ನಮ್ಮ ನೆಲದ ಕೆಳಗೆ ಕಲ್ಲು ಪದರ ಪದರವಾಗಿ ಇದೆ, ಬುಟ್ಟಿಯಲ್ಲಿ ಒಂದರ ಮೇಲೊಂದು ಇಟ್ಟ ರೊಟ್ಟಿಯ ಹಾಗೆ. ಎರಡು ಪದರದ ನಡುವೆ ಹೊಕ್ಕ ನೀರು ಇಳಿಜಾರು ಹಿಡಿದು ಎಲ್ಲಿಯೋ ಹೋಗಿ ಮೇಲೇಳುತ್ತದೆ. ಇದನ್ನು ನಾನು ಪ್ರತಿ ವರ್ಷ ಎಂಟನೇ ಕ್ಲಾಸಿಗೆ ಕಲಿಸುತ್ತಿದ್ದೆ, ಚಿತ್ರ ಬರೆದು, ಬಾಣದ ಗುರುತು ಹಾಕಿ. ಪರೀಕ್ಷೆಯಲ್ಲಿ ಅಂಕವನ್ನೂ ಕೊಡುತ್ತಿದ್ದೆ. ಆ ಪಾತಿಯ ಮುಂದೆ ನಿಂತಾಗ ನನಗೆ ಅದು ನೆನಪೇ ಆಗಿರಲಿಲ್ಲ.

"ಮೇಡಂ ಅವ್ರಿಗಿ ಈಗೇ ಹೇಳ್ಬೇಕೇನು?" ಎಂದು ಮೆಲ್ಲಗೆ ಕೇಳಿದೆ.

"ಏನಂತ ಹೇಳ್ತೀರಿ? ತೂತು ಸಿಕ್ಕಿಲ್ಲ ಇನ್ನ. ಸಿಕ್ಕದ ಹೊರತು ಯಾರೂ ನಂಬಂಗಿಲ್ಲ. ನೀವೇ ನಂಬಿದ್ರೇನು?"

ಬುಧವಾರ, ಗುರುವಾರ ಖಾಲಾ ಬರಲಿಲ್ಲ. "ನೀರು ತನ್ನಷ್ಟಕ್ಕ ಎಲ್ಲಿ ನಿಲ್ತದ ನೋಡ್ರಿ. ಗ್ವಾಡ್ಯಾಗ ತೂತಿದ್ರ ಆ ಗೆರೀಗಿ ಬಂದು ನಿಲ್ತದ. ನಿಲ್ಲಲಿಲ್ಲಾಂದ್ರ ತಳದಾಗ ಅದ," ಎಂದು ಹೇಳಿ ಹೋಗಿದ್ದರು. ನಾನು ತಾಸಿಗೊಮ್ಮೆ ಹೋಗಿ ನೋಡುತ್ತಿದ್ದೆ. ನೀರು ನಿಲ್ಲಲಿಲ್ಲ. ಇಳಿಯುವುದು ನಿಧಾನವಾಯಿತು ಅಷ್ಟೇ. ಗೇಟಿನ ಹತ್ತಿರ ಮಾಲಿ ಸ್ಟೂಲಿನ ಮೇಲೆ ಕೂತಿರುತ್ತಿದ್ದ. ನಾನು ಬಂದಾಗ ಎದ್ದು ನಿಲ್ಲುತ್ತಿದ್ದ. ಅದೊಂದು ಆ ಎರಡು ದಿನ ಸಹಿಸಲು ಕಷ್ಟವಾಯಿತು.

ಶುಕ್ರವಾರ ಖಾಲಾ ಬಂದಾಗ ತಳದಲ್ಲಿ ಅಂಗೈ ಮುಳುಗುವಷ್ಟು ನೀರಿತ್ತು. ಗಾಳಿ ಇರಲಿಲ್ಲ. ಅವರು ಸೆರಗು ಸಿಕ್ಕಿಸಿಕೊಂಡು ಒಳಗಿಳಿದು, ನೀರು ಅಲುಗದ ಹಾಗೆ ಒಂದು ಮೂಲೆಯಲ್ಲಿ ಕೂತರು. ಚೀಲದಿಂದ ಬಟ್ಟೆಗೆ ಹಾಕುವ ನೀಲಿಯ ಪೊಟ್ಟಣ ತೆಗೆದರು. ಚಿಟಿಕೆ ನೀಲಿಯನ್ನು ಅಂಗೈಯಲ್ಲಿ ಕಲಸಿ ಒಂದು ಹನಿ ಬಿಟ್ಟರು. ನೀಲಿ ಅಲ್ಲೇ ನಿಂತಿತು. ಇನ್ನೊಂದು ಕಡೆ ಬಿಟ್ಟರು. ಅಲ್ಲೂ ನಿಂತಿತು. ನಡುವೆ ಬಿಟ್ಟ ಹನಿ ಮಾತ್ರ ಸ್ವಲ್ಪ ಹೊತ್ತು ತಡೆದು, ಉದ್ದಕ್ಕೆ ಎಳೆದುಕೊಂಡು, ದಾರದಂತೆ ತೆಳ್ಳಗಾಗಿ ಹರಿಯತೊಡಗಿತು. ಆ ನೀಲಿ ದಾರ ಕೊಳದ ನಡುವೆ ನೆಟ್ಟಿದ್ದ ಕಬ್ಬಿಣದ ಅಳತೆ ಪಟ್ಟಿಯ ಬುಡಕ್ಕೆ ಹೋಗಿ ಮಾಯವಾಯಿತು.

ಖಾಲಾ ಮತ್ತೊಂದು ಹನಿ ಬಿಟ್ಟರು. ಅದೂ ಅಲ್ಲಿಗೇ ಹೋಯಿತು.

"ಈ ಕಬ್ಬಿಣ ಯಾರು ಹಾಕ್ಯಾರ?"

ಹಾಕಿದವನು ನಾನು. ಡಿಸೆಂಬರಿನಲ್ಲಿ, ನೀರು ಆವಿಯಾಗುವುದನ್ನು ಮಕ್ಕಳಿಗೆ ಅಳೆದು ತೋರಿಸಬೇಕೆಂದು. ಸೆಂಟಿಮೀಟರಿನ ಗುರುತು ಬರೆಸಿದ ಪಟ್ಟಿ. ಕಲ್ಲಿನ ಅಂಗಡಿಯಿಂದ ಕೊರೆಯುವ ಮಶೀನು ತಂದು ತಳದ ಫರಶಿಗೆ ನಾನೇ ತೂತು ಕೊರೆದು, ನಾನೇ ಸಿಮೆಂಟು ಹಾಕಿ ನಿಲ್ಲಿಸಿದ್ದೆ. ಮಶೀನು ಫರಶಿ ದಾಟಿ ಎಷ್ಟು ಕೆಳಗೆ ಹೋಯಿತೆಂದು ನೋಡಿರಲಿಲ್ಲ. ಮಕ್ಕಳು ಅದನ್ನು ಹಿಡಿದು ಅಲ್ಲಾಡಿಸಿದ್ದಾರೆ, ಬುಡ ಸಡಿಲಾಗಿದೆ. ಊರ ಮಿಸ್ತ್ರಿ ಸಂದು ತುಂಬುವಾಗ "ಇದನ್ನೂ ಕಿತ್ತಿ ನೋಡ್ಲೇನ್ರಿ?" ಎಂದು ಕೇಳಿದ್ದ. ಅದು ಪ್ರಯೋಗದ ಸಾಮಾನು, ಮುಟ್ಟಬೇಡ ಎಂದು ಗದರಿದ್ದೆ. ಎಲ್ಲರ ಮೇಲೂ ಸಂಶಯ ಪಟ್ಟವನಿಗೆ ತನ್ನ ಕೈಕೆಲಸದ ಮೇಲೆ ಸಂಶಯ ಬಂದಿರಲಿಲ್ಲ.

"ನಾನೇ," ಎಂದೆ.

ಖಾಲಾ ಕರಣಿಯ ತುದಿಯಿಂದ ಪಟ್ಟಿಯನ್ನು ತೋರಿಸಿದರು. "ಕೀಳ್ರಿ," ಎಂದರು. ನಾನು ಪ್ಯಾಂಟು ಮಡಚಿ ಇಳಿದು ಪಟ್ಟಿಯನ್ನು ಹಿಡಿದು ಎಳೆದೆ. ಒಂದೇ ಎಳೆತಕ್ಕೆ ಕೈಗೆ ಬಂತು. ಉಳಿದ ನೀರು ಗೊರಗೊರ ಎಂದು ತೂತಿನೊಳಗೆ ಇಳಿದು ಹೋಯಿತು. ಅವರು ತೂತಿನ ಸುತ್ತ ಕೆರೆದು, ಬಟ್ಟೆ ತುರುಕಿ ಒರೆಸಿ, ತಗಡಿನ ತುಂಡಿನ ಮೇಲೆ ಬೇಗ ಗಟ್ಟಿಯಾಗುವ ಸಿಮೆಂಟು ಕಲಸಿದರು. ಅಷ್ಟರಲ್ಲಿ ಮುಖ್ಯೋಪಾಧ್ಯಾಯಿನಿಯವರು ದಂಡೆಗೆ ಬಂದು ನಿಂತರು.

"ಏನಿತ್ರಿ?" ಎಂದರು.

"ತಳದಾಗ ಒಂದು ಬಿರುಕು ಸಿಕ್ತು ಮೇಡಂ," ಎಂದೆ ನಾನು.

ಅಷ್ಟು ಸಲೀಸಾಗಿ ಬಾಯಿಂದ ಬಂತು. ಖಾಲಾ ಕರಣಿಯಲ್ಲಿ ಎತ್ತಿದ್ದ ಸಿಮೆಂಟನ್ನು ತಗಡಿನ ಮೇಲೆ ವಾಪಸು ಇಟ್ಟರು. ಕೈ ಕಟ್ಟಿಕೊಂಡು ಕೂತರು.

"ತುಂಬ್ರಿ ಖಾಲಾ," ಎಂದೆ.

"ಬಿರುಕು ಎಲ್ಲದ, ನನಗ ಕಾಣ್ಲಿಕತ್ತಿಲ್ಲ. ಕಂಡ ಮ್ಯಾಲ ತುಂಬ್ತೀನಿ." ಆಮೇಲೆ ನನಗೆ ಮಾತ್ರ ಕೇಳುವಂತೆ ಹೇಳಿದರು: "ಮಾಲೀನ್ನ ಕರೀರಿ ಸರ. ಸಿಮೆಂಟಿಗಿ ಭಾಳ ಹೊತ್ತಿಲ್ಲ."

ನಾನು ನಿಂತೇ ಇದ್ದೆ. ಇಪ್ಪತ್ತೆರಡು ವರ್ಷದ ಸರ್ವಿಸು. ಇಡೀ ತಾಲೂಕಿನಲ್ಲಿ ಲೆಕ್ಕ ತಪ್ಪದ ಮೇಷ್ಟ್ರು ಎಂಬ ಹೆಸರು. ಒಂದು ಬಿರುಕು ಎಂದುಬಿಟ್ಟರೆ ಮಾಲಿಯ ನೌಕರಿಯೂ ಉಳಿಯುತ್ತದೆ, ನನ್ನ ಹೆಸರೂ ಉಳಿಯುತ್ತದೆ, ಯಾರಿಗೆ ಏನು ನಷ್ಟ? ಇದನ್ನೆಲ್ಲ ನಾನು ಯೋಚಿಸಿದೆ, ಸುಳ್ಳು ಹೇಳುವುದಿಲ್ಲ. ಖಾಲಾ ನನ್ನನ್ನು ನೋಡುತ್ತಿರಲಿಲ್ಲ. ತಗಡಿನ ಮೇಲಿನ ಸಿಮೆಂಟನ್ನು ಬೆರಳಿನಿಂದ ಆಗಾಗ ಒತ್ತಿ ನೋಡುತ್ತಿದ್ದರು.

ಕೊನೆಗೆ ಗೇಟಿನ ಕಡೆ ಕೂಗಿದೆ. ಮಾಲಿ ಬಂದು, ಕೊಳದಿಂದ ದೂರವೇ ನಿಂತ. ತೋಟಕ್ಕೆ ಬರಬೇಡ ಎಂದಿದ್ದೆವಲ್ಲ. ಹತ್ತಿರ ಕರೆದೆ. ಮುಖ್ಯೋಪಾಧ್ಯಾಯಿನಿಯವರ ಮುಂದೆಯೇ ಹೇಳಿದೆ: ಬಿರುಕಲ್ಲ, ತೂತು. ಕೊರೆದವನು ನಾನು. ನೀರು ಇಲ್ಲಿಂದ ಕಲ್ಲಿನ ಪದರಿನಾಗ ಹೊಕ್ಕು ನಿನ್ನ ಪಾತಿಗೆ ಬಂದದ. ನೀ ಒಂದು ಹನಿ ಮುಟ್ಟಿಲ್ಲ. ನಾ ಎಲ್ಲಾರ ಮುಂದ ಸುಳ್ಳ ಹೇಳಿದೆ. ತಪ್ಪಾಯ್ತು.

ಅವನು ಕೊಳದೊಳಕ್ಕೆ ಇಳಿದು ತೂತಿನಲ್ಲಿ ಬೆರಳು ಹಾಕಿ ನೋಡಿದ. ಬೆರಳು ಪೂರ್ತಿ ಹೋಯಿತು. ಹಾಗೇ ಕೂತು ಹೇಳಿದ:

"ನಾ ತಗೊಂಡಿಲ್ಲಂತ ನನಗ ಗೊತ್ತಿತ್ತಲ್ರಿ ಸರ. ನನಗ ಯಾಕ ಹೇಳ್ತೀರಿ? ಆಕಿಗಿ ಹೇಳ್ರಿ."

"ಯಾರಿಗಿ?"

"ಅಡಿಗಿ ಮನ್ಯಾಗ ಅದಾಳಲ್ರಿ. ಗಿಡ ಕಿತ್ತಾಕಿ ಆಕೀನೇ. ನಾ ಎಷ್ಟು ಹೇಳಿದ್ರೂ ನಂಬಲಿಲ್ಲ. ವಿಜ್ಞಾನದ ಸರ ಲೆಕ್ಕ ಮಾಡಿ ಹೇಳ್ಯಾರ, ತಪ್ಪಿರಂಗಿಲ್ಲ, ಅಂದ್ಳು. ನನ್ನ ಕೂಡ ಮಾತಾಡಿ ಒಂದು ತಿಂಗಳಾತ್ರಿ."

ಅಡಿಗೆಮನೆ ಕೊಳದಿಂದ ನೂರು ಹೆಜ್ಜೆ. ಊಟದ ಹೊತ್ತು. ಮಕ್ಕಳು ತಾಟು ಹಿಡಿದು ಸಾಲು ನಿಂತಿದ್ದರು. ಎಲ್ಲರೂ ನನ್ನ ಮಕ್ಕಳೇ, ಎಲ್ಲರಿಗೂ ಆ ಬದನೆಕಾಯಿಯ ಲೆಕ್ಕ ಗೊತ್ತಿತ್ತು. ಅವರ ನಡುವೆ ಹಾದು ಬಾಗಿಲಲ್ಲಿ ನಿಂತೆ. ಅವಳು ಸಾಂಬಾರು ತಿರುವುತ್ತಿದ್ದಳು. ನಾನು ಹೇಳಬೇಕಾದ್ದನ್ನು ಹೇಳಿದೆ. ತಾಟುಗಳ ಸದ್ದಿನಲ್ಲಿ ಅವಳಿಗೆ ಅರ್ಧ ಕೇಳಿಸಲಿಲ್ಲ. ಮೊದಲಿನಿಂದ ಮತ್ತೊಮ್ಮೆ ಹೇಳಿದೆ. ಸಾಲಿನ ಮಕ್ಕಳು ಬಾಗಿಲ ಕಡೆ ತಿರುಗಿದರು.

ಅವಳು ಸೌಟು ಬಿಡಲಿಲ್ಲ. "ಲೆಕ್ಕ ತಪ್ಪಿತ್ತೇನ್ರಿ ಸರ?" ಎಂದು ಕೇಳಿದಳು.

"ಲೆಕ್ಕ ಸರೀನೇ ಇತ್ತವಾ. ಲೆಕ್ಕದಾಗ ನನ್ನ ಹೆಸರು ಬಿಟ್ಟಿದ್ದೆ."

ಅವಳು ಒಲೆ ಸಣ್ಣದು ಮಾಡಿದಳು. ಒಂದು ತಾಟು ತೆಗೆದುಕೊಂಡು ಅನ್ನ ಹಾಕಿ, ಸಾಂಬಾರು ಸುರಿದು, ನನ್ನನ್ನು ದಾಟಿ, ಮಕ್ಕಳ ಸಾಲನ್ನು ದಾಟಿ ಹೊರಟಳು. ನಾನು ಹಿಂದೆ ನಡೆದೆ. ಮಾಲಿ ಇನ್ನೂ ಕೊಳದ ತಳದಲ್ಲೇ ಕೂತಿದ್ದ. ಅವಳು ತಾಟನ್ನು ದಂಡೆಯ ಮೇಲಿಟ್ಟು, "ಉಣ್ರಿ," ಎಂದಳು.

ಅವನು ಹೆಂಡತಿಯ ಮುಖ ನೋಡಿದ. "ಕೈ ಹೊಲಸಾಗ್ಯಾವ," ಎಂದ.

ಅವಳು ಡ್ರಮ್ಮಿನ ಹತ್ತಿರ ಹೋಗಿ ತಂಬಿಗೆ ತುಂಬಿಕೊಂಡು ಬಂದು, ಕೊಳದೊಳಕ್ಕೆ ಇಳಿದು ಅವನ ಕೈ ಮೇಲೆ ನೀರು ಹಾಕಿದಳು. ಖಾಲಾ ಒರೆಸಿ ಒಣಗಿಸಿಟ್ಟ ಜಾಗವೆಲ್ಲ ಹಸಿಯಾಯಿತು. ಇನ್ನೇನು ಬೈಗುಳ ಬೀಳುತ್ತದೆ ಎಂದು ನಾನು ಅಂದುಕೊಂಡೆ. ಆದರೆ ಖಾಲಾ ತಗಡಿನ ಮೇಲೆ ಕಲ್ಲಾಗಿದ್ದ ಸಿಮೆಂಟನ್ನು ಬಡಿದು ಕಿತ್ತು ದೂರ ಎಸೆದರು. ಆಮೇಲೆ ಮುಖ ಆಚೆ ತಿರುಗಿಸಿ, ಮೊಳಕಾಲ ಮೇಲೆ ಕೈಯಿಟ್ಟು ಕೂತರು. ಅವನು ಉಂಡು ಮುಗಿಸುವವರೆಗೆ ಹೊಸ ಸಿಮೆಂಟು ಕಲಸಲಿಲ್ಲ.